ಏಳನೆಯ ಸಾಲಿನ ರಿವಾಲ್ವರ್

ಸೆಪ್ಟೆಂಬರ್ 23, 2013, ಸೋಮವಾರ

ಈ ಮಾತನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ. ನಾಳೆಯಿಂದ ಶುರು ಮಾಡಿದರಾಯಿತು ಎಂದು ಪೆನ್ನಿನ ಮುಚ್ಚಳವನ್ನೂ ಹಾಕಿದ್ದೆ. ಆದರೆ ನಾನೊಬ್ಬಳೇ ಓದುವ ಪುಸ್ತಕದಲ್ಲೂ ಮುಚ್ಚಿಡುವುದಾದರೆ ಬರೆಯುವುದೇಕೆ? ಆ ರಿವಾಲ್ವರನ್ನು ಮೊದಲ ಸಲ ಕೈಗೆತ್ತಿಕೊಂಡಾಗ ನನ್ನ ಮನಸ್ಸಿಗೆ ಬಂದದ್ದು ಒಂದೇ: ಇದು ನಕಲಿಯಾಗಿರಲಿ.

ನಕಲಿಯಾದರೆ ಒಂದು ಸಾಲಿನ ವರದಿ ಸಾಕು. ಅಸಲಿಯಾದರೆ ಅದನ್ನು ಸಾಬೀತು ಮಾಡಿ ಸಹಿ ಹಾಕಬೇಕು. ಸಹಿ ಹಾಕಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಎರಡು ವರ್ಷದ ಹಿಂದೆ, ರಷ್ಯದ ಚಕ್ರವರ್ತಿಯ ವಿರುದ್ಧ ಕಿರ್ಗಿಜರು ಎದ್ದ 1916ರ ದಂಗೆಯ ಕಾಲದ್ದೆಂದು ನಾನು ಬರೆದುಕೊಟ್ಟ ಕತ್ತಿಯ ಹಿಡಿಯನ್ನು ರಾಜಧಾನಿ ಬಿಷ್ಕೆಕ್‌ನ ತಜ್ಞರು ಬಿಚ್ಚಿದರು. ಒಳಗೆ ಕೆಂಪು ಬಣ್ಣದಲ್ಲಿ ಸಿನಿಮಾ ಸ್ಟುಡಿಯೋದ ಸಾಮಾನಿನ ಸಂಖ್ಯೆ ಇತ್ತು. ಆ ಕತ್ತಿ ಈಗಲೂ ನನ್ನ ಬೀರುವಿನ ಹಿಂದೆ ನಿಂತಿದೆ.

ಇವತ್ತು ನಮ್ಮ ಮ್ಯೂಸಿಯಂ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದರು. ಉಚ್-ಕಾಯಿಂಗ್ ಹಳ್ಳಿಯವರು, ಎಂಬತ್ತಮೂರು ವರ್ಷ, ಹೆಸರು ಬುರ್ಮಾಕಾನ್. ಮಡಿಲಲ್ಲಿ ಬಿಳಿ ತಲೆವಸ್ತ್ರದ ಗಂಟು. ಬಿಚ್ಚಿದರೆ ಸೈನ್ಯದ ಹಳೆಯ ನಾಗಾನ್ ರಿವಾಲ್ವರ್. ಅಪ್ಪನದಂತೆ. 1926ರಲ್ಲಿ ಗಡಿಯ ದಳದಲ್ಲಿ ತೋರಿದ ಧೈರ್ಯಕ್ಕೆ ಬಹುಮಾನವಾಗಿ ಕೊಟ್ಟದ್ದಂತೆ.

ನಮ್ಮ ನಿರ್ದೇಶಕ ಮೆದೆತ್ ಬಾಯ್ಕೆಯ ಕಣ್ಣರಳಿತು. "ದಾನ ಕೊಡ್ತೀರಾ, ಅಪಾ?" ಎಂದು ಅಜ್ಜಿಯನ್ನು ಕೇಳಿದರು.

"ಇಲ್ಲ. ಮಾರ್ತೀನಿ."

"ಎಷ್ಟಕ್ಕೆ?"

"ನೀವು ಎಷ್ಟು ಕೊಟ್ರೂ ಸರಿ. ಆದ್ರೆ ಕೊಳ್ಳಬೇಕು. ದಾನ ಕೊಟ್ಟಿದ್ದನ್ನ ಮೂಲೆಗೆ ಹಾಕ್ತೀರಿ. ಕೊಂಡ್ರೆ ಕಾಗದ ಆಗುತ್ತೆ. ಪಕ್ಕದ ಮನೆಯವಳು ನಿಮಗೆ ಜೀನು ಮಾರಿದಾಗ ಆ ಕಾಗದ ನೋಡಿದೀನಿ. ಅದರಲ್ಲಿ 'ಯಾರದು' ಅಂತ ಒಂದು ಕಾಲಂ ಇದೆ. ಅಲ್ಲಿ ನಮ್ಮಪ್ಪನ ಹೆಸರು ಬರೀಬೇಕು. ಸುಬಾನ್‌ಕುಲ್ ಅಂತ."

ಪೊಲೀಸರನ್ನು ಕರೆಸಲೇಬೇಕಾಯಿತು. ಲೆಫ್ಟಿನೆಂಟ್ ಬಂದು, ತಾನಾಗಿ ಒಪ್ಪಿಸಿದ್ದರಿಂದ ಅಜ್ಜಿಯ ಮೇಲೆ ಕೇಸಿಲ್ಲ ಎಂದು ದೊಡ್ಡ ಉಪಕಾರ ಮಾಡಿದವನಂತೆ ಹೇಳಿ, ಕುದುರೆಗೂ ಸುತ್ತಿಗೆಗೂ ಸೇರಿಸಿ ತಂತಿ ಬಿಗಿದು ಸೀಸದ ಮುದ್ರೆ ಒತ್ತಿ, ನಮ್ಮ ಬೀರುವಿನಲ್ಲೇ ಇಡಿಸಿ ಬೀಗ ಹಾಕಿಸಿದ. ನವೆಂಬರ್ 15ರ ಖರೀದಿ ಸಮಿತಿ ಒಪ್ಪಿದರೆ, ಮತ್ತೆ ಸಿಡಿಯದಂತೆ ನಳಿಗೆಗೆ ತೂತು ಕೊರೆದು ನಮಗೆ ಕೊಡುತ್ತಾರೆ. ಒಪ್ಪದಿದ್ದರೆ ಬೇರೆ ಒಪ್ಪಿಸಿದ ಬಂದೂಕುಗಳ ಜೊತೆ ಡಿಸೆಂಬರಿನಲ್ಲಿ ಕುಲುಮೆಗೆ.

ವರದಿ ಬರೆಯಬೇಕಾದವಳು ನಾನು.


ಸೆಪ್ಟೆಂಬರ್ 25, ಬುಧವಾರ

ಪರೀಕ್ಷೆಯ ಟಿಪ್ಪಣಿ, ನೆನಪಿಗೆ:

ತುಲಾ ಕಾರ್ಖಾನೆಯ ಗುರುತು, 1924. ಚೌಕಟ್ಟು, ನಳಿಗೆ, ಗುಂಡಿನ ಉರುಳೆ ಮೂರರಲ್ಲೂ ಒಂದೇ ಸಂಖ್ಯೆ, 48317. ತುಕ್ಕು ಇಲ್ಲ. ಇಲ್ಲವೇ ಇಲ್ಲ, ಅದೇ ತೊಂದರೆ. ಏಳು ಗುಂಡಿನ ಮನೆಗಳಲ್ಲೂ ಹಳದಿ ಮೇಣದಂಥದ್ದು ಅಂಟಿಕೊಂಡಿದೆ. ಬಂದೂಕಿನ ಎಣ್ಣೆಯ ವಾಸನೆಯಲ್ಲ, ಏನೋ ಹಳಸಿದ ವಾಸನೆ.

ಹಿಡಿಕೆಯ ಎಡ ಮಗ್ಗುಲಿಗೆ ಹಿತ್ತಾಳೆ ತಗಡು. ಕೆತ್ತನೆ: "ಗಡಿ ಕಾಯ್ದ ಧೈರ್ಯಕ್ಕಾಗಿ. ಪ್ರಾಂತ ಕಾರ್ಯಕಾರಿ ಸಮಿತಿ. 1926." ಅದರ ಮೇಲೆ ಹೆಸರಿರಬೇಕಾದ ಸಾಲನ್ನು ಉಜ್ಜಿ ಅಳಿಸಿದ್ದಾರೆ. ಒಂದಕ್ಷರ ಉಳಿದಿಲ್ಲ. ಗೀರುಗಳು ಎಡದ ಮೇಲಿನಿಂದ ಬಲದ ಕೆಳಕ್ಕೆ ವಾಲಿವೆ, ಒಂದೇ ಆಳವಿಲ್ಲ, ಕೆಲವು ತಗಡು ದಾಟಿ ಮರದ ಮೇಲೂ ಹರಿದಿವೆ.

ಮಾರಲು ತಂದವರು ಯಾವ ಹೆಸರಿಗಾಗಿ ಕೊಳ್ಳಬೇಕು ಎನ್ನುತ್ತಾರೋ ಆ ಹೆಸರೇ ಇಲ್ಲ. ಇದನ್ನು ನಾನು ಏನೆಂದು ಸಾಬೀತು ಮಾಡಲಿ?


ಅಕ್ಟೋಬರ್ 2, ಬುಧವಾರ

ಫೋಟೋಗಳನ್ನು ರೋಡಿಯನ್ ಅರ್ಕಾದ್ಯೆವಿಚ್‌ಗೆ ಕಳಿಸಿದ್ದೆ. ನನ್ನ ಕತ್ತಿಯನ್ನು ಬಿಚ್ಚಿದವರು ಅವರೇ. ನಲವತ್ತು ವರ್ಷ ಸೈನ್ಯದ ಆಯುಧ ರಿಪೇರಿ ಮಾಡಿದವರು. ಸಮಿತಿ ಅವರ ಮಾತನ್ನೇ ಕೇಳುತ್ತದೆ. ಇವತ್ತು ಫೋನ್ ಮಾಡಿದರು.

"ಏನಮ್ಮ ಕತ್ತಿ ರಾಣಿ, ಈ ಸಲ ಯಾವ ಸಿನಿಮಾದ್ದು?"

ನಗಬೇಕಾಯಿತು. ನಕ್ಕೆ.

"ನೋಡಿ ಜಿಪಾರ್ ಅಸಾನೋವ್ನಾ, ರಿವಾಲ್ವರ್ ಹಳೇದು, ಅದರಲ್ಲಿ ಜಗಳ ಇಲ್ಲ. ಅಂಥವು ಲಕ್ಷಗಟ್ಟಲೆ ಇವೆ. ಅದಕ್ಕೊಂದು ತಗಡು ಹೊಡೆದ್ರೆ ಬಹುಮಾನದ್ದು ಆಗುತ್ತೆ, ಬೆಲೆ ಹತ್ತು ಪಟ್ಟು. ಎಂಬತ್ತು ವರ್ಷ ಹಳ್ಳಿ ಮನೇಲಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿದಿಲ್ಲ ಅಂದ್ರೆ ನಂಬ್ತೀರಾ? ಹೆಸರು ಯಾಕೆ ಉಜ್ಜಿದಾರೆ ಹೇಳಿ? ಕದ್ದ ಮಾಲು. ಇಲ್ಲಾ, ಗಿರಾಕಿ ಕೇಳಿದ ಹೆಸರು ಹೇಳಿ ಮಾರೋಕೆ. ಅರ ಹಿಡಿದು ನುರಿತ ಕೈ ಉಜ್ಜಿರೋದು."

"ಗೀರುಗಳು ಅಷ್ಟು ನೇರ ಇಲ್ಲ, ರೋಡಿಯನ್ ಅರ್ಕಾದ್ಯೆವಿಚ್."

"ಕುಡಿದಿದ್ದ ನುರಿತ ಕೈ" ಎಂದು ನಕ್ಕು ಫೋನಿಟ್ಟರು.

ಅವರು ಹೇಳಿದ್ದೆಲ್ಲ ಸರಿ ಅನ್ನಿಸುತ್ತದೆ. ಇಷ್ಟು ಬೇಗ ಸರಿ ಅನ್ನಿಸಿದ್ದಕ್ಕೆ ಯಾಕೋ ಕಿರಿಕಿರಿ.


ಅಕ್ಟೋಬರ್ 5, ಶನಿವಾರ

ಉಚ್-ಕಾಯಿಂಗ್‌ಗೆ ಹೋಗಿ ಒಂದು ದಿನ ಹಾಳು.

ನಾಲ್ಕು ಗಂಟೆ ಕೂತೆ. ಹನ್ನೊಂದು ಬಟ್ಟಲು ಚಹಾ, ಒಂದು ಉತ್ತರವಿಲ್ಲ. ಅರ್ಧ ಬಟ್ಟಲಿಗಿಂತ ಹೆಚ್ಚು ತುಂಬಿಸುವುದಿಲ್ಲ, ತುಂಬಿಸಿದರೆ ಎದ್ದು ಹೋಗು ಎಂದ ಹಾಗೆ. ಅಷ್ಟು ಮರ್ಯಾದೆ ಬಲ್ಲವರು ಬಟ್ಟಲನ್ನು ಮಾತ್ರ ಎಡಗೈಯಿಂದ ನೀಡುತ್ತಾರೆ. ನಮ್ಮಜ್ಜಿ ಇದ್ದಿದ್ದರೆ ಆ ಕೈಗೆ ಏಟು ಬೀಳುತ್ತಿತ್ತು.

"ಹೆಸರನ್ನು ಅಳಿಸಿದವರು ಯಾರು?" ಎಂದು ಮೂರು ಸಲ ಕೇಳಿದೆ. ಮೊದಲ ಸಲ ರೊಟ್ಟಿ ಮುರಿದು ಮುಂದಿಟ್ಟರು. ಎರಡನೆಯ ಸಲ ನನ್ನ ತಾಯಿಯ ಊರು ಯಾವುದು ಎಂದು ಕೇಳಿದರು. ಮೂರನೆಯ ಸಲ ಬಟ್ಟಲು ಕೆಳಗಿಟ್ಟು ಹೇಳಿದರು:

"ನೀನು ರಷ್ಯನ್ ಶಾಲೇಲಿ ಓದಿದವಳು, ಅಲ್ವಾ ಮಗಳೇ?"

"ಹೌದು."

"ಗೊತ್ತಾಗುತ್ತೆ. ರಷ್ಯನ್ನಲ್ಲಿ ಯೋಚನೆ ಮಾಡಿ ನಮ್ಮ ಮಾತಲ್ಲಿ ಕೇಳ್ತೀಯ. ಅದಕ್ಕೇ ನಿನ್ನ ಪ್ರಶ್ನೆ ಪೊಲೀಸಿನವನ ಪ್ರಶ್ನೆ ಥರ ಇರುತ್ತೆ. ಚಹಾ ಆರ್ತಾ ಇದೆ."

ಮುಖ ಬಿಸಿಯಾಯಿತು. ಕಿರ್ಗಿಜ್ ನನ್ನ ಮನೆಯ ಮಾತೇ. ಆದರೆ ಅದರಲ್ಲಿ ಜಗಳ ಆಡಲು ಬರುವುದಿಲ್ಲ, ನಿಜ.

ಅವರ ಬಳಿ ಇರುವ ಒಂದೇ ಕಾಗದ 1957ರದ್ದು: ಸುಬಾನ್‌ಕುಲ್ ಎಂಬುವರನ್ನು 1937ರ ಅಕ್ಟೋಬರಿನಲ್ಲಿ ಜನತೆಯ ಶತ್ರುವೆಂದು ಬಂಧಿಸಿ ಮರುವರ್ಷ ಗುಂಡಿಕ್ಕಲಾಯಿತು, ಅಪರಾಧವಿರಲಿಲ್ಲವಾದ್ದರಿಂದ ಪ್ರಕರಣ ರದ್ದು. ಅಂಗೈಯಗಲದ ಕಾಗದ. ಅದರಲ್ಲಿ ರಿವಾಲ್ವರಿನ ಮಾತೇ ಇಲ್ಲ.

ವಾಪಸು ಬರುವಾಗ ಟ್ಯಾಕ್ಸಿಯವನು ದಾರಿಯುದ್ದಕ್ಕೂ ಒಂದೇ ಕ್ಯಾಸೆಟ್ ಹಾಕಿದ.


ಅಕ್ಟೋಬರ್ 9, ಬುಧವಾರ

ರಾಜಧಾನಿಯ ದಾಖಲಾಲಯದ ಉತ್ತರ ಬಂತು. "ನೀವು ಕೇಳಿದ ಹೆಸರಿನ ಬಗ್ಗೆ 1926ರ ಬಹುಮಾನಿತರ ಪಟ್ಟಿಯಲ್ಲಿ ಯಾವುದೇ ಮಾಹಿತಿ ಇಲ್ಲ." ಮುದ್ರೆ, ಸಹಿ, ದಿನಾಂಕ. ನಾನು ಸಂಖ್ಯೆಯನ್ನೂ ಕೇಳಿದ್ದೆ. ಅದಕ್ಕೆ ಉತ್ತರವಿಲ್ಲ.


ಅಕ್ಟೋಬರ್ 11, ಶುಕ್ರವಾರ

ಸಮಿತಿಗೆ ಪ್ರಾಥಮಿಕ ಟಿಪ್ಪಣಿ ಕಳಿಸುವ ಕೊನೆಯ ದಿನ. ಮೆದೆತ್ ಬಾಯ್ಕೆ ಬೆಳಿಗ್ಗೆಯಿಂದ ಮೂರು ಸಲ ಬಾಗಿಲಲ್ಲಿ ಇಣುಕಿದರು.

"ಏನಾದ್ರೂ ಒಂದು ಬರೆದುಬಿಡು, ಜಿಪಾರ್. ಒಂದು ಸಾಲು. ನೀನು ಕಾದಂಬರಿ ಬರೆಯೋಕೆ ಕೂತಿಲ್ಲವಲ್ಲ."

ಬರೆದೆ: "ವಸ್ತುವಿನ ಮೂಲ ಮತ್ತು ಒಡೆತನ ಸಂಶಯಾಸ್ಪದ." ಸ್ವಚ್ಛವಾದ ಸಾಲು. ಯಾರೂ ತಪ್ಪು ಹಿಡಿಯಲಾರರು.

ಮನೆಗೆ ಬಂದು ತಲೆ ತೊಳೆದುಕೊಂಡೆ.


ಅಕ್ಟೋಬರ್ 15, ಮಂಗಳವಾರ. ಕುರ್ಮಾನ್, ಕುರಿ ಬಲಿಯ ಹಬ್ಬ.

ರಜೆ. ಅದೇ ಟ್ಯಾಕ್ಸಿಯವನು ಬಾಗಿಲು ತಟ್ಟಿದ. ಉಚ್-ಕಾಯಿಂಗ್‌ನಿಂದ ಬಟ್ಟೆಯ ಗಂಟು: ಕರಿದ ಹಿಟ್ಟಿನುಂಡೆ ಬೋರ್ಸೋಕ್, ಬೇಯಿಸಿದ ಕುರಿಮಾಂಸ, ಗಾಜಿನ ಶೀಶೆಯಲ್ಲಿ ಬೆಣ್ಣೆ. "ಪೊಲೀಸ್ ಮಗಳಿಗೆ ಕೊಡು ಅಂದ್ರು ಅಪಾ" ಎಂದು ಹಲ್ಲು ಕಿರಿದ.

ನಾಲ್ಕು ದಿನದ ಹಿಂದೆ ನಾನು ಏನು ಬರೆದು ಕಳಿಸಿದೆ ಎಂದು ಅವರಿಗೆ ಗೊತ್ತಿಲ್ಲ. ತಿನ್ನಬಾರದು, ಇದು ಮಾರುವವರಿಂದ ಬಂದದ್ದು, ನಿಯಮವಿದೆ ಎಂದು ಸ್ವಲ್ಪ ಹೊತ್ತು ಮೇಜಿನ ಮೇಲೆ ಬಿಟ್ಟೆ. ಆಮೇಲೆ ತಿಂದೆ.

ಬೆಣ್ಣೆ ಅಂಗಡಿಯದಲ್ಲ. ಶೀಶೆಯ ಮುಚ್ಚಳ ತೆಗೆದಾಗ ಕೈ ತಡೆಯಿತು. ಈ ವಾಸನೆ ನನಗೆ ಗೊತ್ತು. ಅಲ್ಲಿ ಅದು ಹಳಸಿದೆ, ಇಲ್ಲಿ ಹೊಸದು, ಅಷ್ಟೇ ವ್ಯತ್ಯಾಸ.


ಅಕ್ಟೋಬರ್ 16, ಬುಧವಾರ

ಬೀಗ ತೆಗೆದು ಗುಂಡಿನ ಮನೆಗೆ ಮೂಗಿಟ್ಟು ನೋಡಿದೆ. ಬೆಣ್ಣೆಯೇ. ಸೂಜಿಯಿಂದ ಕೆರೆದಾಗ ಒಂದು ಕುರಿಯ ಕೂದಲೂ ಬಂತು.

ರೋಡಿಯನ್ ಅರ್ಕಾದ್ಯೆವಿಚ್‌ಗೆ ಹೇಳಿದೆ. "ಬೆಣ್ಣೆಯಾದ್ರೇನು, ಜೇನಾದ್ರೇನು? ಅದಕ್ಕೆ ಮಾಲೀಕನ ಹೆಸರು ಗೊತ್ತಾ?" ಎಂದರು.

ಪ್ರತಿ ಸೋಮವಾರ ಬಂದು ಮುದ್ರೆ ಎಣಿಸಬೇಕಾದ ಲೆಫ್ಟಿನೆಂಟ್ ಇವತ್ತು ಬಂದ. ಇರುವುದು ಒಂದೇ ಮುದ್ರೆ. ಎರಡು ಸಲ ಎಣಿಸಿದ.


ಅಕ್ಟೋಬರ್ 22, ಮಂಗಳವಾರ, ಬಿಷ್ಕೆಕ್

ರಜೆ ಹಾಕಿ ಬಂದಿದ್ದೇನೆ. ಕಣಿವೆ ದಾಟುವಾಗ ಹಿಮ ಬೀಳುತ್ತಿತ್ತು. ಟ್ಯಾಕ್ಸಿಯಲ್ಲಿ ಐದು ಜನ, ಮಧ್ಯದಲ್ಲಿ ನಾನು.

ದಾಖಲಾಲಯದ ಓದುವ ಕೋಣೆಯಲ್ಲಿ ಅನಾರ್ಕುಲ್ ಎಂಬಾಕೆ ಇದ್ದರು. ನನ್ನದೇ ವಯಸ್ಸು, ಮೂಗಿನ ತುದಿಗೆ ಕನ್ನಡಕ.

"ನಿಮಗೆ ಆಗಲೇ ಉತ್ತರ ಹೋಗಿದೆಯಲ್ಲ. ಮಾಹಿತಿ ಇಲ್ಲ ಅಂತ."

"ಪಟ್ಟಿ ಇದೆಯಾ?"

"ಪಟ್ಟಿ ಇದೆ. ಮಾಹಿತಿ ಇಲ್ಲ."

"ಪಟ್ಟೀನ ನೋಡಬಹುದಾ, ಎಜೆ?" ಅಕ್ಕ ಎಂದು ಕರೆದರೆ ಕರಗುತ್ತಾರೇನೋ ಎಂದು ನೋಡಿದೆ.

"ನೋಡಬೇಕು ಅಂತ ನೀವು ಬರೆದಿರಲಿಲ್ಲ. ಮಾಹಿತಿ ಬೇಕು ಅಂತ ಬರೆದಿದ್ರಿ."

ಒಂದೂವರೆ ಗಂಟೆ, ಎರಡು ಅರ್ಜಿ, ಒಂದು ಚಾಕೊಲೇಟ್ ಪೊಟ್ಟಣ. ಪಟ್ಟಿ ಬಂತು.

ಹನ್ನೆರಡು ಸಾಲು. ಹೆಸರು, ಊರು, ರಿವಾಲ್ವರಿನ ಸಂಖ್ಯೆ. ಹತ್ತು ಹೆಸರುಗಳನ್ನು ಓದಬಹುದು. ನಾಲ್ಕನೆಯ ಮತ್ತು ಏಳನೆಯ ಹೆಸರಿನ ಮೇಲೆ ದಪ್ಪ ಕಪ್ಪು ಶಾಯಿ ಬಳಿದಿದ್ದಾರೆ, ನಾಲ್ಕು ಮೂಲೆಯೂ ನೇರ, ಇಟ್ಟಿಗೆಯಂತೆ. ಹೆಸರಿನ ಕಾಲಂ ಮಾತ್ರ. ಮುಂದಿನ ಕಾಲಂಗಳನ್ನು ಅಳಿಸಲು ಅವರಿಗೆ ಯಾರೂ ಹೇಳಿರಲಿಲ್ಲ, ಅಳಿಸಿಲ್ಲ.

ಏಳನೆಯ ಸಾಲು: ಕಪ್ಪು ಇಟ್ಟಿಗೆ. ಉಚ್-ಕಾಯಿಂಗ್. 48317.

ನನ್ನ ಕೈ ಸಂಖ್ಯೆಯ ಮೇಲಿತ್ತು. ಅನಾರ್ಕುಲ್ "ಮುಟ್ಟಬೇಡಿ" ಎಂದರು. ಮುಟ್ಟಿಯೇ ಇದ್ದೆ.

"ಇದನ್ನ ಕಿಟಕಿಗೆ ಹಿಡಿದು ನೋಡಲಾ? ಶಾಯಿ ಅಡಿಯ ಅಕ್ಷರ ಕಂಡ್ರೂ ಕಾಣಬಹುದು."

"ಹಾಳೆ ಮೇಜು ಬಿಟ್ಟು ಏಳೋ ಹಾಗಿಲ್ಲ. ಅಳಿಸಿದ್ದನ್ನ ಓದೋಕೆ ಬೇರೆ ಅನುಮತಿ ಬೇಕು. ಆರು ತಿಂಗಳಾಗುತ್ತೆ."

"ಹೆಸರು ಅಳಿಸೋಕೆ ಎಷ್ಟು ಹೊತ್ತಾಗಿತ್ತಂತೆ?"

ಯಾಕೆ ಹಾಗೆ ಅಂದೆನೋ. ಆಕೆ ಕನ್ನಡಕ ತೆಗೆದು ಒರೆಸಿದರು. "ನನ್ನ ಮೇಲೆ ಯಾಕೆ ರೇಗ್ತೀರಿ? ಶಾಯಿ ಬಳಿದವಳು ನಾನಲ್ಲ" ಎಂದರು. ಆಮೇಲೆ, ನಾನು ಕೇಳದಿದ್ದರೂ, ಏಳನೆಯ ಸಾಲಿನ ನಕಲಿಗೆ ಮುದ್ರೆ ಹಾಕಿ ಕೊಟ್ಟರು.


ಅಕ್ಟೋಬರ್ 23, ಬುಧವಾರ, ಬಿಷ್ಕೆಕ್

ನಕಲು ಹಿಡಿದು ರೋಡಿಯನ್ ಅರ್ಕಾದ್ಯೆವಿಚ್ ಅವರ ಕಾರ್ಯಾಗಾರಕ್ಕೆ ಹೋದೆ. ಬಹಳ ಹೊತ್ತು ನೋಡಿದರು. ಈ ಸಲ ಕತ್ತಿಯ ಮಾತೆತ್ತಲಿಲ್ಲ.

"ಸರಿ. ರಿವಾಲ್ವರ್ ಅಸಲಿ, ಬಹುಮಾನದ್ದೂ ಹೌದು. ಒಪ್ಪಿದೆ. ನಾನು ತಪ್ಪು. ಬರ್ಕೊಳ್ಳಿ, ವರ್ಷಕ್ಕೊಂದು ಸಲ ಹೇಳ್ತೀನಿ."

"ಹಾಗಾದ್ರೆ ಸುಬಾನ್‌ಕುಲ್ ಅವರದ್ದು."

"ಅದು ಹೇಗೆ? ಉಚ್-ಕಾಯಿಂಗ್‌ನಲ್ಲಿ ಆಗ ನೂರು ಗಂಡಸರಿದ್ರು. ಪಟ್ಟೀಲಿ ಮಸಿ, ತಗಡಲ್ಲಿ ಗೀರು. 'ಅಜ್ಞಾತ ಯೋಧನ ರಿವಾಲ್ವರ್' ಅಂತ ಬರೀರಿ, ಸಮಿತಿ ನಾಳೇನೇ ಕೊಳ್ಳುತ್ತೆ. ಚೆನ್ನಾಗಿರುತ್ತೆ ಕೂಡ, ಮಕ್ಕಳು ಹೂ ಇಡ್ತಾರೆ."

"ಅವರು ಮಾರ್ತಿರೋದೇ ಹೆಸರಿಗೋಸ್ಕರ."

"ಹಾಗಾದ್ರೆ ಹೆಸರು ತನ್ನಿ."

ಅಸಲಿ ಎಂದು ಸಾಬೀತಾದ ದಿನ ಇಷ್ಟು ಸಿಟ್ಟು ಬರಬಹುದು ಎಂದು ನನಗೆ ತಿಳಿದಿರಲಿಲ್ಲ.


ಅಕ್ಟೋಬರ್ 28, ಸೋಮವಾರ

ಮೆದೆತ್ ಬಾಯ್ಕೆಗೆ ಅಜ್ಞಾತ ಯೋಧ ಬಹಳ ಹಿಡಿಸಿದ್ದಾನೆ. ಫಲಕಕ್ಕೆ ಅಕ್ಷರ ಬರೆಸಲು ಹೇಳಿಯೂ ಆಗಿದೆ. ಲೆಫ್ಟಿನೆಂಟ್ ಬಂದು ಮುದ್ರೆ ಎಣಿಸಿದ. ಒಂದು.


ನವೆಂಬರ್ 2, ಶನಿವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಬುರ್ಮಾಕಾನ್ ಅಪಾ ಅಂಗಳದಲ್ಲಿ ಕುರಿಯ ಹೊಟ್ಟೆಚೀಲ ತೊಳೆಯುತ್ತಿದ್ದರು. ಚಳಿಗಾಲದ ಬೆಣ್ಣೆ ತುಂಬಿಡಲು. ಒಲೆಯ ಮೇಲೆ ಬೆಣ್ಣೆ ಕರಗುತ್ತಿತ್ತು. ನಾನು ಅವರ ಪಕ್ಕ ಮಣೆಯ ಮೇಲೆ ಕೂತು, ಚೀಲದ ಬಾಯಿ ಹಿಡಿದುಕೊಂಡೆ. ಪ್ರಶ್ನೆ ಕೇಳಲಿಲ್ಲ. ನಡೆದದ್ದನ್ನು ಹೇಳಿದೆ. ಅಕ್ಟೋಬರ್ 11ರ ಸಾಲನ್ನೂ ಹೇಳಿದೆ. ಪಟ್ಟಿಯಲ್ಲಿ ಸಂಖ್ಯೆ ಇದೆ, ಊರಿದೆ, ಹೆಸರಿಗೆ ಮಸಿ ಬಳಿದಿದ್ದಾರೆ ಎಂದೆ. ಅಜ್ಞಾತ ಯೋಧ ಎಂದು ಬರೆಯಲು ಒಪ್ಪಿದರೆ ಕೊಳ್ಳುತ್ತಾರೆ, ಇಲ್ಲವಾದರೆ ಕುಲುಮೆ ಎಂದೆ.

"ಅಜ್ಞಾತ" ಎಂದು ಆ ಮಾತನ್ನು ರುಚಿ ನೋಡುವಂತೆ ಹೇಳಿದರು. "ಅಪ್ಪ ಮದುವೆ ಮನೆಗೆ ಬಂದ್ರೆ ಮೂರು ಹಳ್ಳಿಗೆ ಕೇಳೋ ಹಾಗೆ ನಗ್ತಿದ್ದ."

ಬೆಣ್ಣೆ ಸುರಿದರು. ನಾನು ಚೀಲ ಹಿಡಿದೇ ಇದ್ದೆ.

"ಉಜ್ಜಿದ್ದು ನೋಡಿ ನಿಮ್ಮ ರಷ್ಯನ್ ಏನಂದ?"

"ಯಾರೋ ವ್ಯಾಪಾರಿ ಅರದಿಂದ ಉಜ್ಜಿದ್ದು ಅಂದ್ರು. ನುರಿತ ಕೈ ಅಂತೆ."

ಅಪಾ ನಕ್ಕರು. ನಗುತ್ತಲೇ ಕೈ ಒರೆಸಿಕೊಂಡು ಎಡಗೈಯನ್ನು ನನ್ನ ಮುಂದೆ ಹಿಡಿದರು. "ನೋಡು. ಇದೇ ನುರಿತ ಕೈ. ಆಗ ಏಳು ವರ್ಷ."

ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ.

"ಅಪ್ಪನ್ನ ಕಚೇರಿಯಿಂದಲೇ ಕರ್ಕೊಂಡು ಹೋಗಿದ್ರು. ಮನೆಗೆ ಇನ್ನೂ ಸುದ್ದಿ ಬಂದಿರ್ಲಿಲ್ಲ, ನನಗೆ ಶಾಲೇಲಿ ಗೊತ್ತಾಯ್ತು. ಆ ವರ್ಷ ಪ್ರತಿ ವಾರ ಮೇಷ್ಟ್ರು ಪುಸ್ತಕ ತೆಗೀರಿ, ಇಷ್ಟನೇ ಪುಟ ಅಂತಿದ್ರು. ಯಾರೋ ಒಬ್ಬರ ಮುಖಕ್ಕೆ ನಾವು ಮಸಿ ಬಳೀತಿದ್ವಿ. ಅವರು ಶತ್ರು ಆಗಿರ್ತಿದ್ರು. ನಾನು ಚೆನ್ನಾಗಿ ಬಳೀತಿದ್ದೆ, ಅಂಚು ಮೀರದ ಹಾಗೆ. ಮೇಷ್ಟ್ರು ನನ್ನ ಪುಸ್ತಕ ಎತ್ತಿ ಎಲ್ಲರಿಗೂ ತೋರಿಸ್ತಿದ್ರು. ಅವತ್ತು ಪುಸ್ತಕ ಅಲ್ಲ, ಗೋಡೆ ಪತ್ರಿಕೆ. ನಮ್ಮ ಜಿಲ್ಲೆಯ ವೀರರು ಅಂತ. ಮೂರನೇ ಹೆಸರು ಅಪ್ಪಂದು. ಮೇಷ್ಟ್ರು ನನ್ನ ಕಡೆ ನೋಡ್ಲೇ ಇಲ್ಲ. ಬೇರೆ ಹುಡುಗೀನ ಕರೆದು ಬಳಿಸಿದ್ರು. ಅವಳು ಅಂಚು ಮೀರಿಬಿಟ್ಲು.

"ಬಳಿದ ಮೇಲೆ ಏನಾಗುತ್ತೆ ಅಂತ ನನಗೆ ಗೊತ್ತಿದ್ದದ್ದು ಒಂದೇ. ಅವರ ಬಗ್ಗೆ ಆಮೇಲೆ ಯಾರೂ ಮಾತಾಡಲ್ಲ. ಬೈಯೋದೂ ಇಲ್ಲ. ಹಾಗಾದ್ರೆ ಒಳ್ಳೇದೇ ಅಂದ್ಕೊಂಡೆ. ಮನೇಲಿ ಇನ್ನೊಂದು ಹೆಸರು ಉಳಿದಿದೆ, ಅದನ್ನೂ ಅಳಿಸಿಬಿಟ್ರೆ ಹುಡುಕೋರಿಗೆ ಅಪ್ಪ ಸಿಗಲ್ಲ ಅಂದ್ಕೊಂಡೆ. ಚಾಕು ಮಸೆಯೋ ಕಲ್ಲು ತಗೊಂಡೆ. ಶಾಲೇಲಿ ನನ್ನನ್ನ ಬಲಗೈಗೆ ತಿರುಗಿಸಿದ್ರು, ಬರೆಯೋದಷ್ಟೇ ತಿರುಗಿತ್ತು. ಉಜ್ಜೋದು ಎಡಗೈಲೇ. ಮಧ್ಯಾಹ್ನ ಶುರು ಮಾಡಿದವಳು ಹಸು ಬರೋ ಹೊತ್ತಿನವರೆಗೂ ಉಜ್ಜಿದೆ.

"ಅಮ್ಮ ನೋಡಿದ್ಲು. ಹೊಡೀಲಿಲ್ಲ. ಬೆಳಕಿಗೆ ಹಿಡಿದು, ಇನ್ನೂ ಕಾಣ್ತಿದ್ಯಾ ಅಂತ ನೋಡಿದ್ಲು. ಆಮೇಲೆ ಬೆಣ್ಣೆ ಕಾಯಿಸೋಕಿಟ್ಲು. ಒಂದು ಬಡಕಲು ಹೊಟ್ಟೆಚೀಲದಲ್ಲಿ ರಿವಾಲ್ವರ್ ಇಟ್ಟು ಮೇಲೆ ಬೆಣ್ಣೆ ಸುರಿದ್ಲು. ಮೂರನೇ ದಿನ ಹುಡುಕೋರು ಬಂದ್ರು. ನೆಲ ಅಗೆದ್ರು, ಕಂಬಳಿ ಬಿಚ್ಚಿದ್ರು. ಹೋಗೋವಾಗ ಎರಡು ದಪ್ಪ ಚೀಲದ ಬೆಣ್ಣೆ ತಗೊಂಡು ಹೋದ್ರು. ಬಡಕಲನ್ನ ನಮಗೇ ಬಿಟ್ರು. ಹಂಚಿಕೊಳ್ಳೋರು ಅವರು, ನ್ಯಾಯವಂತರು."

ನಾನು ಏನಾದರೂ ಹೇಳಬೇಕಿತ್ತು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ, ಅಪಾ?" ಎಂದೆ. ಮತ್ತೆ ಪೊಲೀಸಿನ ಪ್ರಶ್ನೆ.

"ಹೇಳಿದ್ರೆ ಕಾಗದದಲ್ಲಿ ಅವನ ಪಕ್ಕ ನನ್ನ ಹೆಸರೂ ಬರುತ್ತೆ. ಅಳಿಸಿದವಳು ಅಂತ. ಅವನ ಹೆಸರು ಒಂದೇ ಇದ್ರೆ ಸಾಕು ಅಂದ್ಕೊಂಡಿದ್ದೆ." ಚೀಲದ ಬಾಯಿಗೆ ದಾರ ಬಿಗಿದರು. "ಈಗ ಬರ್ಕೋ. ಎಪ್ಪತ್ತಾರು ವರ್ಷ ಆಯ್ತು. ಇನ್ನೂ ಎ‌ಷ್ಟು ದಿನ ಬೆಣ್ಣೇಲಿಡೋದು?"

ಅಂಚು ಮೀರದ ಹಾಗೆ. ಅಕ್ಟೋಬರ್ 11ರಂದು ನಾನು ಬರೆದ ಸಾಲೂ ಹಾಗೇ ಇತ್ತು.


ನವೆಂಬರ್ 4, ಸೋಮವಾರ

ಅದೇ ದಪ್ಪದ ಹಿತ್ತಾಳೆ ತುಂಡು, ಚಾಕು ಮಸೆಯುವ ಕಲ್ಲು. ಒಂದು ತುಂಡನ್ನು ಬಲಗೈಯಿಂದ ಉಜ್ಜಿದೆ: ಗೀರುಗಳು ಎಡದ ಕೆಳಗಿನಿಂದ ಬಲದ ಮೇಲಕ್ಕೆ. ಇನ್ನೊಂದನ್ನು ಎಡಗೈಯಿಂದ: ಎಡದ ಮೇಲಿನಿಂದ ಬಲದ ಕೆಳಕ್ಕೆ. ಅರದ ಗೀರು ಸಾಲು ಸಾಲಾಗಿ ಆಳಕ್ಕಿಳಿಯುತ್ತದೆ; ಕಲ್ಲಿನದು ಮಸುಕಾಗಿ ಹರಡುತ್ತದೆ. ಭೂತಗನ್ನಡಿಯಲ್ಲಿ ಎರಡು ತುಂಡನ್ನೂ ಹಿಡಿಕೆಯ ತಗಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ: ತಗಡಿನದು ಎಡಗೈಯ ತುಂಡಿನಂತೆಯೇ ಇದೆ.

ಇದೆಲ್ಲ ಮೊದಲ ವಾರವೇ ನನ್ನ ಟಿಪ್ಪಣಿಯಲ್ಲಿತ್ತು. ಬರೆದಿದ್ದೆ, ನೋಡಿರಲಿಲ್ಲ.

ಎರಡು ಗಂಟೆ ಉಜ್ಜಿದ್ದಕ್ಕೆ ಎಡಗೈಯಲ್ಲಿ ಬೊಬ್ಬೆ ಬಂದಿದೆ.


ನವೆಂಬರ್ 5, ಮಂಗಳವಾರ

ಫೋಟೋಗಳನ್ನು ಕಳಿಸಿ ರೋಡಿಯನ್ ಅರ್ಕಾದ್ಯೆವಿಚ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ.

"ನನ್ನ ಅಮ್ಮನ ಹತ್ರ ಒಂದು ಶಾಲಾ ಪುಸ್ತಕ ಇತ್ತು" ಎಂದರು. "ಅರ್ಧ ಜನಕ್ಕೆ ಮುಖ ಇರ್ಲಿಲ್ಲ. ಚಿಕ್ಕವನಾಗಿದ್ದಾಗ, ಮಸಿ ಚೆಲ್ಲಿದೆ ಅಂದ್ಕೊಂಡಿದ್ದೆ."

"ನಿಮ್ಮ ಸಹಿ ಹಾಕ್ತೀರಾ?"

"ಇಲ್ಲ. ಇದು ಲೋಹದ ಸಾಕ್ಷಿ ಅಲ್ಲ, ಮನುಷ್ಯರ ಸಾಕ್ಷಿ. ನನ್ನ ಸಹಿ ಲೋಹಕ್ಕೆ. ಆದ್ರೆ ಗೀರು ಕಲ್ಲಿಂದು, ಎಡಗೈದು, ಹಳೇದು. ಅಷ್ಟು ಬರೆದು ಕಳಿಸ್ತೀನಿ. ಉಳಿದದ್ದು ನಿಮ್ಮ ಸಹಿ, ಜಿಪಾರ್ ಅಸಾನೋವ್ನಾ. ಹೆದರಿಕೆ ಆಗ್ತಿದ್ಯಾ?"

"ಆಗ್ತಿದೆ."

"ಕತ್ತಿಗೆ ಸಹಿ ಹಾಕಿದ ದಿನ ಆಗಿತ್ತಾ?"

"ಇಲ್ಲ."

"ನೋಡಿ ಮತ್ತೆ" ಎಂದು ಫೋನಿಟ್ಟರು.

ಮೆದೆತ್ ಬಾಯ್ಕೆ ತಲೆಯ ಮೇಲೆ ಕೈಹೊತ್ತಿದ್ದಾರೆ. "ಅಳಿಸಿದ್ದು ಮಗಳೇ ಅಂತ ಫಲಕದ ಮೇಲೆ ಬರೀತೀಯಾ? ಶಾಲಾ ಮಕ್ಕಳು ಬರೋ ಜಾಗ ಇದು!" ಶಾಲಾ ಮಕ್ಕಳು ಬರುವ ಜಾಗವಾದ್ದರಿಂದಲೇ ಎಂದೆ. ಕಿರ್ಗಿಜ್‌ನಲ್ಲಿ ಅಂದೆ, ಜೋರಾಗಿ. ಅವರು ಬಾಗಿಲು ಮುಚ್ಚಿಕೊಂಡು ಹೋದರು. ಸಮಿತಿಯಲ್ಲಿ ಅವರದ್ದೂ ಒಂದು ಮತ ಇದೆ.


ನವೆಂಬರ್ 7, ಗುರುವಾರ

ಕ್ರಾಂತಿಯ ದಿನ. ಸರ್ಕಾರಿ ರಜೆ. ಚೌಕದಲ್ಲಿ ನಾಲ್ಕು ಮುದುಕರು ಕೆಂಪು ಬಾವುಟ ಹಿಡಿದು ನಿಂತಿದ್ದರು. ಹಿಂದಿನ ಬಾಗಿಲಿನ ಕೀಲಿ ತೆಗೆದು ಅಪಾ ಅವರನ್ನು ಒಳಗೆ ಕರೆದುಕೊಂಡೆ. ಸಾಕ್ಷಿ ಹೇಳಿಕೆಗೆ ಸಹಿ ಬೇಕಿತ್ತು. ಫ್ಲಾಸ್ಕಿನಿಂದ ಚಹಾ ಹಾಕಿಕೊಟ್ಟೆ, ಅರ್ಧ ಬಟ್ಟಲು. ಅದನ್ನು ನೋಡಿ ತಲೆಯಾಡಿಸಿದರು.

ವರದಿಯನ್ನು ಅವರಿಗೆ ಓದಿ ಹೇಳಿದೆ. ಅಕ್ಟೋಬರ್ 11ರ ಟಿಪ್ಪಣಿಯನ್ನು ಹಿಂತೆಗೆದುಕೊಂಡಿದ್ದೇನೆ. ಕಾರಣ ಎಂಬಲ್ಲಿ "ಸರಿಯಾಗಿ ನೋಡದೆ ಬರೆದದ್ದು" ಎಂದಿದೆ. ಪಟ್ಟಿಯ ಏಳನೆಯ ಸಾಲು, ಬೆಣ್ಣೆ, ಕಲ್ಲು, ಎಡಗೈ, ಎಲ್ಲ ಇದೆ. ಕೊನೆಗೆ ಖರೀದಿ ಪತ್ರ. "ಯಾರದು" ಎಂಬ ಕಾಲಂ ಮಾತ್ರ ಖಾಲಿ ಬಿಟ್ಟಿದ್ದೆ.

"ಇದನ್ನ ನೀವೇ ಬರೀರಿ, ಅಪಾ."

ಪೆನ್ನು ಬಲಗೈಗೆ ತೆಗೆದುಕೊಂಡರು. ಹೇಳಿಕೆಯ ಕೆಳಗೆ ತಮ್ಮ ಸಹಿ ಹಾಕಿದರು: ನೇರವಾದ, ಒಂದೇ ಅಳತೆಯ, ಶಾಲೆಯಲ್ಲಿ ಬಹುಮಾನ ಬರುವಂಥ ಅಕ್ಷರ. ಆಮೇಲೆ ಖರೀದಿ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡು, ಪೆನ್ನನ್ನು ಎಡಗೈಗೆ ದಾಟಿಸಿದರು. ಆ ಕೈಯಿಂದ ಅವರು ಎಂದೂ ಬರೆದವರಲ್ಲ. ಸುಬಾನ್‌ಕುಲ್ ಎಂದು ಬರೆಯಲು ಎರಡು ನಿಮಿಷ ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಕಾಲಂನ ಗೆರೆ ದಾಟಿ ಪಕ್ಕದ ಮನೆಗೆ ನುಗ್ಗಿವೆ.

"ಅಂಚು ಮೀರಿತು" ಎಂದರು.

"ಮೀರ್ಲಿ ಬಿಡಿ."

ಸಮಿತಿ ಈ ಪತ್ರವನ್ನು ನಮೂನೆಯ ಪ್ರಕಾರ ಇಲ್ಲವೆಂದು ತಿರುಗಿಸಬಹುದು. ಅಂದವಾಗಿ ಇನ್ನೊಂದು ಪ್ರತಿ ಬರೆಸಿಕೊಳ್ಳೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಬೇಡವೆನಿಸಿತು. ಅವರ ಸಹಿಯ ಕೆಳಗೆ ನನ್ನ ಸಹಿ ಹಾಕಿ ಲಕೋಟೆ ಅಂಟಿಸಿದೆ.

ಅಂಚೆ ಕಚೇರಿ ಇವತ್ತು ಮುಚ್ಚಿದೆ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ ಹಾಕುತ್ತೇನೆ, ಶುಕ್ರವಾರ, ನವೆಂಬರ್ 8.